ಗೊಂಡೋಲಾ ಬಾಗಿಲ ತನಕ ಕಾರು ಹೋಗುತ್ತಾ?

ಪ್ರಶ್ನೆ: ಡಿಸೆಂಬರ್ ಕೊನೆಗೆ ನಾವು ಆರು ಜನ ಕಾಶ್ಮೀರಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು. ಗುಲ್ಮಾರ್ಗದಲ್ಲಿ ಎರಡು ರಾತ್ರಿ ಇದ್ದು ಮಕ್ಕಳಿಗೆ ಸ್ಕೀಯಿಂಗ್ ಕಲಿಸುವ ಆಸೆ. ಟ್ರಾವೆಲ್ಸ್‌ನವರು ಐದು ದಿನಕ್ಕೂ ಒಂದೇ ಇನ್ನೋವಾ, ಡ್ರೈವರ್ ಜೊತೆಗೇ ಇರ್ತಾರೆ ಅಂತಿದ್ದಾರೆ. ಹಾಗಾದರೆ ಗೊಂಡೋಲಾ, ಅಂದರೆ ಅಲ್ಲಿನ ಕೇಬಲ್ ಕಾರ್ ತನಕ ಅದರಲ್ಲೇ ಹೋಗಬಹುದಲ್ವಾ ಸಾರ್?
(ದಾವಣಗೆರೆಯ ಓದುಗರು)

ಉತ್ತರ: ಆಗೋದಿಲ್ಲ ಸಾರ್. ಇದನ್ನು ಟ್ರಾವೆಲ್ಸ್‌ನವರು ಮೊದಲೇ ಹೇಳಬೇಕಿತ್ತು, ಹೇಳೋದಿಲ್ಲ. ನಮಗೂ ಹೇಳಿರಲಿಲ್ಲ.

ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿ.ಮೀ. ಮುಕ್ಕಾಲು ದಾರಿ ಸಲೀಸು. ಆಮೇಲೆ ಟಂಗ್‌ಮಾರ್ಗ್ ಅನ್ನೋ ಊರು ಬರುತ್ತದೆ. ಅಲ್ಲಿಂದ ಕೊನೆಯ 13 ಕಿ.ಮೀ. ಬರೀ ಏರು, ಬರೀ ತಿರುವು. ಹಿಮ ಬಿದ್ದಿದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಅಥವಾ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಇರುವ) ಗಾಡಿಯನ್ನು ಮಾತ್ರ ಪೊಲೀಸರು ಮೇಲಕ್ಕೆ ಬಿಡೋದು. ನೀವು ಹೋಗೋದು ಡಿಸೆಂಬರ್ 21ಕ್ಕೆ ಶುರುವಾಗುವ ಚಿಲ್ಲೈ ಕಲಾನ್‌ನಲ್ಲಿ, ಅಂದರೆ ಅಲ್ಲಿನವರು ಲೆಕ್ಕ ಇಡುವ ನಲವತ್ತು ದಿನದ ಕಡು ಚಳಿಯಲ್ಲಿ. ಹಾಗಾಗಿ ಟಂಗ್‌ಮಾರ್ಗ್‌ನಲ್ಲಿ ಇಳಿದು ಅಲ್ಲಿನ ಟ್ಯಾಕ್ಸಿ ಹಿಡಿಯಬೇಕಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಅದರ ಬಾಡಿಗೆ ಬೇರೆ.

ನಮ್ಮ ಕಥೆ ಕೇಳಿ. ಡ್ರೈವರ್ ದಾರಿಯುದ್ದಕ್ಕೂ ‘ಎಲ್ಲಾ ಬಾಡಿಗೆಯಲ್ಲೇ ಸೇರಿದೆ’ ಅಂದವರು ಟಂಗ್‌ಮಾರ್ಗ್ ಬಂದ ಕೂಡಲೇ ‘ಇಲ್ಲಿಂದ ಬೇರೆ ಗಾಡಿ’ ಅಂದುಬಿಟ್ಟರು. ನಿಲ್ಲಿಸಿದ್ದು ಅವರಿಗೆ ಗೊತ್ತಿರೋ ಅಂಗಡಿ ಮುಂದೆ, ಕೋಟು ಮತ್ತು ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ಹತ್ತಿರ ಐದು ಸೂಟ್‌ಕೇಸ್. ಇಬ್ಬರು ಹುಡುಗರು ಹಿಮದಲ್ಲೇ ಮಂಡಿಯೂರಿ, ಬರಿಗೈಯಲ್ಲಿ ಆ ದಪ್ಪ ಸರಪಳಿಯನ್ನು ಟೈರಿಗೆ ಸುತ್ತಿ ಕೊಕ್ಕೆ ಸಿಕ್ಕಿಸಿದರು, ನಡುನಡುವೆ ಕೈಗೆ ಉಸಿರು ಊದಿಕೊಳ್ಳುತ್ತಾ. ಆಮೇಲೆ ಗಾಡಿ ಕರಕರ ಅನ್ನುತ್ತಾ ಎತ್ತಿನಗಾಡಿ ಹಾಗೆ ಹತ್ತಿತು. ಆರನೇ ತಿರುವಿಗೋ ಏಳನೇ ತಿರುವಿಗೋ ಮಗಳು ವಾಂತಿ ಮಾಡಿದಳು, ಅದೂ ಬಾಡಿಗೆ ಗಮ್‌ಬೂಟಿನೊಳಗೆ. ಬೂಟಿನ ಪೂರ್ತಿ ದುಡ್ಡು ಕೊಟ್ಟು ಬಂದೆವು. ಹತ್ತೋ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಪ್ಲಾಸ್ಟಿಕ್ ಕವರ್ ಕೈಯಲ್ಲೇ ಇರಲಿ.

ಗುಲ್ಮಾರ್ಗ ಮುಟ್ಟಿದರೂ ಮುಗೀಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಿಂದ ಗೊಂಡೋಲಾಗೆ ಇನ್ನೂ ಒಂದು ಕಿಲೋಮೀಟರ್ ಹತ್ತಿರ ಇದೆ. ನಮಗೆ ನಿಮಗೆ ಅದೇನೂ ದೂರ ಅಲ್ಲ. ಆದರೆ ಮಂಡಿನೋವಿರೋ ಅಮ್ಮ, ಕಾಲ ಕೆಳಗೆ ಗಟ್ಟಿಯಾಗಿ ಜಾರುವ ಹಿಮ, ಪಕ್ಕದಲ್ಲಿ ‘ಸ್ಲೆಡ್ಜ್ ಬೇಕಾ, ಕುದುರೆ ಬೇಕಾ’ ಅಂತ ಬೆನ್ನು ಬೀಳುವವರು. ಸ್ಲೆಡ್ಜ್ ಅಂದರೆ ಹಗ್ಗ ಕಟ್ಟಿದ ಮರದ ಹಲಗೆ, ಒಬ್ಬರು ಎಳೆಯುತ್ತಾರೆ. ಮಕ್ಕಳಿಗೆ ಅದು ಹಬ್ಬ. ಅಮ್ಮನನ್ನು ಮಾತ್ರ ಕೂರಿಸಬೇಡಿ. ಕೂರೋದು ಹೇಗೋ ಆಗುತ್ತದೆ, ನೆಲದ ಮಟ್ಟದಿಂದ ಎದ್ದೇಳೋದೇ ಕಷ್ಟ.

ಅದಕ್ಕೇ ನಾನು ಹೇಳೋದು, ದೊಡ್ಡ ಕಾರಿಗೆ ಹಾಕುವ ದುಡ್ಡನ್ನು ಹೋಟೆಲಿಗೆ ಹಾಕಿ. ಗುಲ್ಮಾರ್ಗದ ಆ ಎರಡು ದಿನ ಇನ್ನೋವಾ ಸುಮ್ನೆ ಕೆಳಗೆ ನಿಂತಿರುತ್ತದೆ, ನೀವು ಬಾಡಿಗೆ ಕಟ್ಟುತ್ತಿರುತ್ತೀರಿ. ಬದಲಿಗೆ ಗೊಂಡೋಲಾ ಹತ್ತಿರದ ಹೋಟೆಲ್ ಹಿಡಿಯಿರಿ. ಟಂಗ್‌ಮಾರ್ಗ್‌ಗೆ ಚೈನ್ ಗಾಡಿ ಕಳಿಸ್ತೀರಾ, ಎಷ್ಟಾಗುತ್ತೆ, ನಮ್ಮನ್ನು ಇಳಿಸೋದು ಹೋಟೆಲ್ ಬಾಗಿಲಲ್ಲೋ ಸ್ಟ್ಯಾಂಡಿನಲ್ಲೋ ಅಂತ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಎರಡು ರಾತ್ರಿಗೆ ಬೇಕಾದ ಬಟ್ಟೆ ಮಾತ್ರ ತಗೊಂಡು, ದೊಡ್ಡ ಸೂಟ್‌ಕೇಸ್‌ಗಳನ್ನು ಶ್ರೀನಗರದ ಹೋಟೆಲಿನಲ್ಲೇ ಬಿಡಿ.

ಗೊಂಡೋಲಾ ಟಿಕೆಟ್ ಆನ್‌ಲೈನಲ್ಲಿ ಮೊದಲೇ ತಗೊಂಡು ಪ್ರಿಂಟ್ ಹಾಕಿಸಿಕೊಳ್ಳಿ, ಯಾಕೆಂದರೆ ನಮ್ಮ ಕಡೆಯ ಪ್ರೀಪೇಡ್ ಸಿಮ್ ಅಲ್ಲಿ ಕೆಲಸ ಮಾಡೋದಿಲ್ಲ, ಪೋಸ್ಟ್‌ಪೇಡ್ ಮಾತ್ರ. ಒಂದು ಕ್ಯಾಬಿನ್ನಿಗೆ ಆರು ಜನ, ನಿಮಗೆ ಸರಿಹೋಯಿತು. ಹತ್ತುವಾಗ, ಇಳಿಯುವಾಗಲೂ ಕ್ಯಾಬಿನ್ ಪೂರ್ತಿ ನಿಲ್ಲೋದಿಲ್ಲ, ನಿಧಾನಕ್ಕೆ ಸರಿಯುತ್ತಲೇ ಇರುತ್ತದೆ. ಅಮ್ಮನ ವಿಷಯ ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿ. ಮೊದಲ ಹಂತ ಕೊಂಗ್‌ಡೂರಿ ತನಕ, ಅಷ್ಟು ಸಾಕು. ಗುಲ್ಮಾರ್ಗವೇ 2,650 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 700 ಮೀಟರ್ ಜಾಸ್ತಿ. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 4,000 ಮೀಟರಿನ ಹತ್ತಿರಕ್ಕೆ ಒಯ್ಯುತ್ತದೆ. ನಾಲ್ಕು ವರ್ಷದ ಮಗು, ವಯಸ್ಸಾದವರು ಅಷ್ಟು ಮೇಲೆ ಯಾಕೆ? ಗಾಳಿ ಜೋರಾದರೆ ಅದನ್ನು ನಿಲ್ಲಿಸಿಬಿಡುತ್ತಾರೆ ಬೇರೆ.

ಇನ್ನೊಂದು, ಮಕ್ಕಳು ಸ್ಕೀ ಕಲಿಯೋಕೆ ಗೊಂಡೋಲಾನೇ ಬೇಕಿಲ್ಲ! ಕಲಿಯುವವರ ಇಳಿಜಾರು ಕೆಳಗೇ ಇದೆ. ಸ್ಕೀ ಬೂಟನ್ನು ಹೋಟೆಲಿನಲ್ಲೇ ಹಾಕಿಸಿ ಕರೆದುಕೊಂಡು ಹೋಗಬೇಡಿ, ಕಾಲಿಗೆ ಕಟ್ಟಿಗೆ ಕಟ್ಟಿದ ಹಾಗೆ ಆಗುತ್ತದೆ, ಹತ್ತು ಹೆಜ್ಜೆಗೆ ಅಳು ಶುರು. ಇಳಿಜಾರಿನ ಹತ್ತಿರ ಹೋದ ಮೇಲೆ ಹಾಕಿಸಿ.

ಪ್ರಶ್ನೆ: ಮನಾಲಿಯಲ್ಲೂ ಇದೇ ಪಾಡಾ? ನಾವು ಹಿಮದಾಟಕ್ಕೆ ಸೋಲಂಗ್ ಕಣಿವೆಗೆ ಹೋಗಬೇಕು ಅಂತಿದ್ದೇವೆ.
(ಶಿರಸಿಯ ಓದುಗರು)

ಉತ್ತರ: ಸುಮಾರು ಹಾಗೇ, ಆದರೆ ದೂರ ಕಡಿಮೆ. ಮನಾಲಿಯಿಂದ ಸೋಲಂಗ್ 13-14 ಕಿ.ಮೀ. ಅಷ್ಟೇ. ಜೋರು ಹಿಮ ಬಿದ್ದಾಗ ದಾರಿಯಲ್ಲಿ ಸಿಗುವ ನೆಹರೂ ಕುಂಡ್ ಹತ್ತಿರವೇ ತಡೆದು ಫೋರ್ ಬೈ ಫೋರ್ ಮಾತ್ರ ಬಿಡುತ್ತಾರೆ. ಬೆಳಗ್ಗೆ ಬೇಗ ಹೊರಡಿ, ತಿಂಡಿ ಮುಗಿಸಿ ಹತ್ತಕ್ಕೆ ಹೋಗೋಣ ಅಂದರೆ ಟ್ರಾಫಿಕ್‌ನಲ್ಲೇ ಮಧ್ಯಾಹ್ನ.

ಪ್ರಶ್ನೆ: ಮಗ ಜ್ಯೂರಿಕ್‌ನಲ್ಲಿದ್ದಾನೆ. ಫೆಬ್ರವರಿಯಲ್ಲಿ ಮೊಮ್ಮಗಳನ್ನೂ ಕರೆದುಕೊಂಡು ಸ್ವಿಟ್ಜರ್‌ಲ್ಯಾಂಡಿನದೇ ಸ್ಕೀ ಊರು ಜರ್ಮಾಟ್‌ಗೆ ಟ್ಯಾಕ್ಸಿಯಲ್ಲೇ ಹೋಗೋಣ ಅಂತಾನೆ. ಅವಳಿಗೆ ಐದು ವರ್ಷ. ಸರೀನಾ?
(ಮೈಸೂರಿನ ಓದುಗರು)

ಉತ್ತರ: ಅಮ್ಮಾ, ಅಲ್ಲೂ ಒಂದು ಟಂಗ್‌ಮಾರ್ಗ್ ಇದೆ, ಹೆಸರು ಟ್ಯಾಶ್! ಜರ್ಮಾಟ್ ಊರೊಳಗೆ ಪೆಟ್ರೋಲ್, ಡೀಸೆಲ್ ಕಾರು ಬಿಡೋದಿಲ್ಲ. ಐದು ಕಿ.ಮೀ. ಮೊದಲೇ ಟ್ಯಾಶ್‌ನಲ್ಲಿ ಇಳಿದು ರೈಲು ಹತ್ತಬೇಕು, ಹನ್ನೆರಡು ನಿಮಿಷ. ಊರೊಳಗೆ ಓಡಾಡೋದು ಪುಟ್ಟ ಎಲೆಕ್ಟ್ರಿಕ್ ಗಾಡಿಗಳು. ಹೇಗಿದ್ದರೂ ಕೊನೆಗೆ ರೈಲೇ ಅಂದಮೇಲೆ ಜ್ಯೂರಿಕ್‌ನಿಂದಲೇ ರೈಲಲ್ಲಿ ಹೋಗೋದು ಸುಖ, ಫಿಸ್ಪ್ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಿದರೆ ಆಯಿತು. ಇಲ್ಲ, ಟ್ಯಾಕ್ಸಿನೇ ಬೇಕು ಅಂದರೆ ಬುಕ್ ಮಾಡುವಾಗಲೇ ಮೊಮ್ಮಗಳ ಎತ್ತರ, ತೂಕ ಹೇಳಿ ಮಕ್ಕಳ ಸೀಟು ಕೇಳಲಿ. ಅಲ್ಲಿ ಹನ್ನೆರಡು ವರ್ಷದ ಒಳಗಿನ, 150 ಸೆಂ.ಮೀ.ಗಿಂತ ಕುಳ್ಳಗಿನ ಮಕ್ಕಳಿಗೆ ಅದು ಕಡ್ಡಾಯ, ಅಜ್ಜಿ ತೊಡೆ ಲೆಕ್ಕಕ್ಕಿಲ್ಲ.