ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆ ಬೇಡವೇ?

ಪ್ರಶ್ನೆ: ಆಯುಷ್ಮಾನ್ ಕಾರ್ಡ್ ಬಂದಾಗಿದೆ. ಇನ್ನೂ ಸರ್ಕಾರಿ ಆಸ್ಪತ್ರೆಗೆ ಯಾಕೆ ದುಡ್ಡು ಸುರಿಯಬೇಕು? ಎಲ್ಲ ಖಾಸಗಿಯವರಿಗೆ ಬಿಟ್ಟರೆ ಪೈಪೋಟಿಯಲ್ಲಿ ರೇಟ್ ತಾನೇ ಇಳಿಯುತ್ತೆ ಅಲ್ವಾ?

ಉತ್ತರ: ಇಳಿಯುವುದಿಲ್ಲ. ಚುನಾವಣೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ಹೃದಯದ ಸ್ಟೆಂಟ್ ನೋಡಿ, ಕಟ್ಟಿಕೊಂಡ ರಕ್ತನಾಳ ತೆರೆದಿರಲು ಒಳಗೆ ಕೂರಿಸುವ ಪುಟ್ಟ ಜಾಲರಿ ಕೊಳವೆ. 2017ಕ್ಕೆ ಮೊದಲೂ ಹಲವು ಕಂಪನಿಗಳು ಅದನ್ನು ಮಾರುತ್ತಿದ್ದವು, ಪೈಪೋಟಿಗೇನೂ ಕೊರತೆ ಇರಲಿಲ್ಲ. ಆದರೂ ಔಷಧಿ ಲೇಪಿಸಿದ ಒಂದು ಸ್ಟೆಂಟಿಗೆ ಲಕ್ಷಕ್ಕಿಂತ ಜಾಸ್ತಿ ಕೊಡುವುದು ಮಾಮೂಲಾಗಿತ್ತು. ಯಾಕೆ? ಎದೆನೋವಿನಲ್ಲಿ ಮಲಗಿದವರು ನಾಲ್ಕು ಕಡೆ ವಿಚಾರಿಸಿ ಚೌಕಾಸಿ ಮಾಡುವುದಿಲ್ಲ. ಯಾವ ಸ್ಟೆಂಟ್ ಎಂದು ತೀರ್ಮಾನಿಸುವುದು ಆಸ್ಪತ್ರೆ, ದುಡ್ಡು ಕಟ್ಟುವುದು ಮನೆಯವರು. ಹೀಗಾಗಿ ಪೈಪೋಟಿ ನಡೆದದ್ದು ಆಸ್ಪತ್ರೆಗೆ ಜಾಸ್ತಿ ಮಾರ್ಜಿನ್ ಬಿಡುವುದರಲ್ಲಿ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿ ಮಿತಿ ಹಾಕಿದ ಮೇಲೇ ಬೆಲೆ ಇಳಿದದ್ದು.

ಇನ್ನು ಕಾರ್ಡ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದು ನಿಜ, ಆದರೆ ಆಸ್ಪತ್ರೆಗೆ ಅಡ್ಮಿಟ್ ಆದಾಗ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೆ, ಆಗಾಗ ಮಾಡಿಸುವ ರಕ್ತ ಪರೀಕ್ಷೆಗೆ ಅಲ್ಲ. ಬಡವರ ಕೈ ಸೋರುವುದೇ ಅಲ್ಲಿ. ಕೇಂದ್ರ ಸರ್ಕಾರದ ಲೆಕ್ಕದಲ್ಲೇ, 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ಸ್ವಂತ ಜೇಬಿನಿಂದ ಕೊಟ್ಟಿದ್ದಾರೆ. ಮಾತ್ರೆ ದುಬಾರಿ ಎಂದು, ಶುಗರ್ ವಾಸಿ ಮಾಡುತ್ತೇವೆ ಎನ್ನುವವರ ಪುಡಿಯ ಹಿಂದೆ ಹೋಗಿ ಕಾಲು ಕಳೆದುಕೊಳ್ಳುವವರೂ ಇದ್ದಾರೆ. ಆ ಪುಡಿ ಮಾರುವವರನ್ನು ನಾನು ಕ್ಷಮಿಸಲಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಆ ಮಾತ್ರೆ ಪುಕ್ಕಟೆ ಸಿಗಬೇಕು, ತಪ್ಪದೇ ಸಿಗಬೇಕು. ಸರ್ಕಾರದ ದುಡ್ಡು ಮೊದಲು ಹೋಗಬೇಕಾದದ್ದು ಅದಕ್ಕೆ.

ಇನ್ನೊಂದು ಮಾತು. ಕರ್ನಾಟಕದಲ್ಲಿ ತುರ್ತು ಚಿಕಿತ್ಸೆ ಬಿಟ್ಟರೆ ಕಾರ್ಡ್ ಇದ್ದವರು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಖಾಸಗಿಗೆ ರೆಫರಲ್ ಕೊಡುವವರೂ ಅವರೇ. ಅದನ್ನೇ ಸೊರಗಿಸಿದರೆ ಕಾರ್ಡ್ ಹಿಡಿದು ಎಲ್ಲಿಗೆ ಹೋಗುತ್ತೀರಿ? 2025ರೊಳಗೆ ಜಿಡಿಪಿಯ ಶೇ 2.5ರಷ್ಟು ಸರ್ಕಾರಿ ವೆಚ್ಚ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ ಇದ್ದದ್ದು ಶೇ 1.84. ವೋಟು ಕೇಳಲು ಬಂದವರ ಹತ್ತಿರ ಕಾರ್ಡ್ ಬಗ್ಗೆ ಮಾತ್ರ ಕೇಳಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಇದ್ದಾರಾ, ಕೇಳಿ.

ಪ್ರಶ್ನೆ: ಅಮೆರಿಕದಲ್ಲಿ ಸರ್ಕಾರ ಇದಕ್ಕೆಲ್ಲ ಕೈ ಹಾಕುವುದೇ ಇಲ್ಲವಂತೆ?

ಉತ್ತರ: ಸುಳ್ಳು. ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಈ ಎರಡು ಆರೋಗ್ಯ ವಿಮೆಗಳನ್ನೂ 1965ರಲ್ಲಿ ತಂದದ್ದು ಅಲ್ಲಿನ ಸರ್ಕಾರವೇ.

ಪ್ರಶ್ನೆ: ಖಾಸಗಿ ಆಸ್ಪತ್ರೆಗಳ ಮೇಲಿನ ಕರ್ನಾಟಕದ ಕಾಯ್ದೆಗೆ (ಕೆಪಿಎಂಇ) 2017ರಲ್ಲಿ ತಿದ್ದುಪಡಿ ಆದಮೇಲೆ ಖಾಸಗಿ ಆಸ್ಪತ್ರೆಯ ರೇಟ್ ಸರ್ಕಾರವೇ ನಿಗದಿ ಮಾಡುತ್ತದೆಯೇ?

ಉತ್ತರ: ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ. ಖಾಸಗಿ ವೈದ್ಯರ ಮುಷ್ಕರದ ನಂತರ ಉಳಿದದ್ದು ಅಷ್ಟೇ. ನೀವು ಅಡ್ಮಿಟ್ ಆಗುವ ಮೊದಲೇ ದರಪಟ್ಟಿ ಕೇಳಿ, ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ.

ಪ್ರಶ್ನೆ: ಒಬ್ಬರು ದುಡ್ಡು ತೆಗೆದುಕೊಂಡು ಕಾರ್ಡಿನ ಮಿತಿ ಹೆಚ್ಚಿಸಿಕೊಡ್ತಾರಂತೆ, ಕೊಡಲಾ?

ಉತ್ತರ: ಬೇಡ. ಒಟಿಪಿಯನ್ನಂತೂ ಹೇಳಲೇಬೇಡಿ. ಈಗಾಗಲೇ ಹೇಳಿ ದುಡ್ಡು ಹೋಗಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.