ಬುಟ್ಟಿ ಮೇಲಿನ ಎಳೆ, ನೋಟ್‌ಬುಕ್ ಅಂಚಿನ ಗೀಚು

ಪ್ರಶ್ನೆ: ಅಕ್ಕಾ, ನನ್ನ ತವರು ಸಾಗರದ ಹತ್ರ ಒಂದು ಹಳ್ಳಿ. ಅಜ್ಜಿ ಇದ್ದಾಗ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೀತಿದ್ರು. ಈಗ ನಾನು ಶಿವಮೊಗ್ಗದಲ್ಲಿ ಬಾಡಿಗೆ ಮನೇಲಿ ಇದ್ದೀನಿ, ಕುಕ್ಕರ್ ಕೂಗೋವರೆಗೂ ಹಳೇ ಕ್ಯಾಲೆಂಡರ್ ಹಿಂದೆ ಅವೇ ಎಳೆಗಳನ್ನ ಪೆನ್ನಲ್ಲಿ ಗೀಚ್ತಾ ಕೂತಿರ್ತೀನಿ. ಈ ಸಲ ಆಸೆಯಾಗಿ ಸಂತೆಯಿಂದ ಬಿದಿರು ಬುಟ್ಟಿ ತಂದು ಅಕ್ಕಿಹಿಟ್ಟು ಕಲಸಿ ಬರೆದೆ, ಒಣಗಿದ್ಮೇಲೆ ಎಲ್ಲಾ ಚಕ್ಕೆ ಚಕ್ಕೆಯಾಗಿ ಉದುರಿ ಹೋಯ್ತು. ಮನೇಲಿ ‘ಸುಮ್ನೆ ಟೈಮ್ ವೇಸ್ಟ್, ಪೇಂಟ್ ಹೊಡಿ’ ಅಂತಾರೆ. ಏನು ಮಾಡ್ಲಿ?

ಉತ್ತರ: ತಂಗಿ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ಪೇಂಟ್ ಬೇಡ, ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ, ತಪ್ಪಿರೋದು ತಳದಲ್ಲಿ. ಬಿದಿರಿನ ಹೊರಮೈ ನುಣ್ಣಗಿರತ್ತೆ, ಅದಕ್ಕೆ ಅಕ್ಕಿಹಿಟ್ಟು ಹಿಡಿಯೋದೇ ಇಲ್ಲ. ಮಲೆನಾಡಿನ ದೀವರು ಅನ್ನೋ ಸಮುದಾಯದ ಮನೆಗಳಲ್ಲಿ ಈ ಹಬ್ಬದ ಬುಟ್ಟಿಗೆ, ಅಂದ್ರೆ ಭೂಮಣ್ಣಿ ಬುಟ್ಟಿಗೆ, ಮೊದಲು ಸಗಣಿ ಬಳಿದು, ಆಮೇಲೆ ಕೆಮ್ಮಣ್ಣು ಬಳೀತಾರೆ, ಆ ಕೆಂಪಿನ ಮೇಲೆ ಬಿಳಿ ಎಳೆ. ಸಗಣಿ ಬಿದಿರಿನ ಸಂದು ಮುಚ್ಚತ್ತೆ, ಮಣ್ಣು ಒರಟಾಗಿರೋದ್ರಿಂದ ಹಿಟ್ಟನ್ನ ಹಿಡ್ಕೊಳ್ಳತ್ತೆ. ಕೆಮ್ಮಣ್ಣನ್ನ ಬಟ್ಟೇಲಿ ಸೋಸಿ, ತೆಳ್ಳಗೆ ಎರಡು ಸಲ ಬಳೀರಿ, ಒಂದೇ ಸಲ ದಪ್ಪಗೆ ಮೆತ್ತಿದ್ರೆ ಬಿರುಕು ಬಿಡತ್ತೆ. ಒಣಗಿಸೋದು ನೆರಳಲ್ಲಿ, ಬಿಸಿಲಿಗೆ ಇಟ್ರೆ ಮತ್ತೆ ಅದೇ ಬಿರುಕು. ಮುಟ್ಟಿ ನೋಡಿದಾಗ ತಣ್ಣಗಿದೆ ಅನ್ಸಿದ್ರೆ ಒಳಗಿನ್ನೂ ಹಸಿ ಇದೆ ಅಂತ, ಇನ್ನೊಂದು ದಿನ ಬಿಡಿ.

ಇನ್ನು ಅಂಗಡಿ ಅಕ್ಕಿಹಿಟ್ಟು ಕಲಸಿದ್ದು, ಅದೂ ಒಂದು ಕಾರಣ. ಅದು ತರಿತರಿ ಇರತ್ತೆ. ಅಕ್ಕಿನ ರಾತ್ರಿ ನೆನೆಸಿ, ಬೆಳಿಗ್ಗೆ ಕೈಗೆ ತರಿ ಸಿಗದ ಹಾಗೆ ರುಬ್ಬಿ, ತೆಳು ಬಟ್ಟೇಲಿ ಹಿಂಡಿ ತೆಗೀರಿ. ಹದ ಅಂದ್ರೆ ನೀರುದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿ, ಕುಂಚ ಎತ್ತಿದ್ರೆ ತೊಟ್ಟಿಕ್ಕಬಾರದು. ಅವತ್ತು ರುಬ್ಬಿದ್ದು ಅವತ್ತೇ ಮುಗಿಸಿ, ಮಾರನೇ ದಿನಕ್ಕೆ ಹುಳಿ ಬರತ್ತೆ.

ಕುಂಚಾನೂ ಅಂಗಡೀದು ಬೇಡ. ಹಿಂದೆ ಪುಂಡಿ ನಾರು ಕಟ್ಟಿ ಮಾಡ್ಕೊಳ್ತಿದ್ರು, ಈಗಲೂ ಮಾಡೋರು ಇದ್ದಾರೆ. ಸಿಗದೇ ಹೋದ್ರೆ ಗೋಣಿಚೀಲದ ದಾರ ಬಿಚ್ಚಿ, ನೆನೆಸಿ, ತುದಿನ ಕಲ್ಲಲ್ಲಿ ಮೆಲ್ಲಗೆ ಜಜ್ಜಿ, ಕಡ್ಡಿಗೆ ಕಟ್ಟಿ. ಎಳೆ ಎಷ್ಟು ಸಣ್ಣ ಬೇಕೋ ಅಷ್ಟೇ ನಾರು ಇಟ್ಕೊಳ್ಳಿ.

ನಾನು ಒಮ್ಮೆ ಸಾಗರ ಕಡೆ ಒಬ್ಬರು ಹೆಂಗಸು ಬರೀತಿದ್ದಾಗ ಪಕ್ಕದಲ್ಲೇ ಕೂತು ನೋಡಿದ್ದೆ. ಬುಟ್ಟಿನ ಮಡಿಲಲ್ಲಿ ಇಟ್ಕೊಂಡು ಕುಂಚ ಹಾಗೇ ಹಿಡಿದು ಬುಟ್ಟೀನೇ ತಿರುಗಿಸ್ತಿದ್ರು, ಎಳೆ ಸುತ್ತು ಹಾಕಿ ಶುರು ಮಾಡಿದ ಕಡೆನೇ ಬಂದು ಸೇರ್ತಿತ್ತು, ಅಷ್ಟು ಹೊತ್ತೂ ಅವರು ಉಸಿರು ಬಿಗಿ ಹಿಡಿದಿದ್ರು. ಒಂದು ಕಡೆ ಎಳೆ ಸ್ವಲ್ಪ ಸೊಟ್ಟ ಆಯ್ತು, ಅಳಿಸಲಿಲ್ಲ, ಮುಂದಿನ ಎಳೇನ ಅದಕ್ಕೇ ಅನುಸರಿಸಿ ಎಳೆದ್ರು, ಮೂರನೇ ಎಳೆ ಹೊತ್ತಿಗೆ ಆ ಸೊಟ್ಟ ಎಲ್ಲೋ ಕರಗಿ ಹೋಗಿತ್ತು. ನೀವೂ ಹಾಗೇ ಮಾಡಿ.

ಕಪ್ಪು ಬೇಕಾದ್ರೆ ಅಕ್ಕಿನ ಕಪ್ಪಗೆ ಹುರಿದು ನೆನೆಸಿ ಅರೆಯೋದು, ಹಳದಿ ಬಣ್ಣ ‘ಗುರಿಗೆ’ ಅನ್ನೋ ಕಾಯಿಂದ. ಮೊದಲ ಬುಟ್ಟಿಗೆ ಬಿಳಿ ಒಂದೇ ಸಾಕು. ಬಾಡಿಗೆ ಮನೆ ಗೋಡೆ ಮುಟ್ಟೋಕೆ ಆಗದಿದ್ರೆ ಬೇಜಾರು ಮಾಡ್ಕೋಬೇಡಿ, ಹಳೇ ಮೊರಕ್ಕೂ ಹೀಗೇ ಬಳಿದು ಬರೀಬಹುದು.

ಟೈಮ್ ವೇಸ್ಟ್ ಅಂದೋರಿಗೆ ಅಶ್ವೀಜದ ಹುಣ್ಣಿಮೆ ದಿನ ಗದ್ದೆಗೆ ಹೊರೋ ಆ ಬುಟ್ಟಿ ವಿಷಯ ಹೇಳಿ. ಭತ್ತ ಹೊಡೆ ತುಂಬಿ ನಿಂತಾಗ ಭೂಮಿನ ಬಸುರಿ ಅಂತ ತಿಳಿದು, ರಾತ್ರಿಯೆಲ್ಲಾ ಅಡುಗೆ ಮಾಡಿ, ಅವಳ ಬಯಕೆ ಊಟನ ಇದೇ ಬುಟ್ಟೀಲಿ ತುಂಬ್ಕೊಂಡು ಹೋಗೋದು. ಬಸುರಿಗೆ ಊಟ ಒಯ್ಯೋ ಬುಟ್ಟಿ ಬೋಳಾಗಿರೋಕೆ ಯಾವ ಹೆಣ್ಮಗಳ ಮನಸ್ಸು ಒಪ್ಪತ್ತೆ? ನಿಮ್ಮ ಅಜ್ಜಿ ಕೂತು ಬರೆದಿದ್ದು ಆ ಬಯಕೆ ಊಟಕ್ಕೇ, ನಿಮ್ಮ ಕ್ಯಾಲೆಂಡರ್ ಹಿಂದಿರೋದೂ ಅದೇ ಎಳೆ. ಆ ಹಾಳೆಗಳನ್ನ ಮಾತ್ರ ರದ್ದಿಗೆ ಹಾಕ್ಬೇಡಿ.

ಪ್ರಶ್ನೆ: ಏಳನೇ ಕ್ಲಾಸ್ ಮಗಳು ಪಾಠ ಕೇಳ್ತಾ ನೋಟ್‌ಬುಕ್ ಅಂಚಲ್ಲೆಲ್ಲಾ ಬಳ್ಳಿ, ಕಣ್ಣು, ಚೌಕ ಗೀಚಿರ್ತಾಳೆ. ಶಾಲೇಲಿ ಗಮನ ಇಲ್ಲ ಅಂತಾರೆ. ಬಿಡಿಸೋದು ಹೇಗೆ? (ಭದ್ರಾವತಿ)

ಉತ್ತರ: ಬಿಡಿಸ್ಬೇಡಿ. 2009ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ಅನ್ನೋ ಮನಶ್ಶಾಸ್ತ್ರಜ್ಞೆ 40 ಜನರಿಗೆ ಬೇಜಾರು ಹುಟ್ಟಿಸೋ ಒಂದು ಫೋನ್ ಸಂದೇಶ ಕೇಳಿಸಿದ್ರು, ಅರ್ಧ ಜನಕ್ಕೆ ಕೇಳ್ತಾ ಕೇಳ್ತಾ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ತುಂಬಿಸೋಕೆ ಹೇಳಿದ್ರು. ಆಮೇಲೆ ಕೇಳಿದಾಗ ಪೆನ್ಸಿಲ್ ಆಡಿಸಿದವರಿಗೆ 29 ಪರ್ಸೆಂಟ್ ಜಾಸ್ತಿ ನೆನಪಿತ್ತು. ಆದ್ರೆ ಅದು ಸುಮ್ನೆ ಆಕಾರ ತುಂಬೋ ಕೆಲಸ. ಕಣ್ಣಿನ ರೆಪ್ಪೆ ಒಂದೊಂದೇ ಬಿಡಿಸ್ತಾ ಕೂತ್ರೆ ಬೋರ್ಡ್ ಕಡೆ ನೋಟ ಹೋಗಲ್ಲ, ಅದೂ ನಿಜ. ಅದಕ್ಕೇ ಗಣಿತದ ಹೊತ್ತಲ್ಲಿ ಪೆನ್ನು ಲೆಕ್ಕಕ್ಕೆ, ಪಾಠ ಓದಿ ಹೇಳೋ ಹೊತ್ತಲ್ಲಿ ಅಂಚಲ್ಲಿ ಬಳ್ಳಿ ಎಳೀಲಿ ಅಂತ ಅವಳ ಹತ್ರಾನೇ ಮಾತಾಡಿ, ಬೈಬೇಡಿ. ಮನೇಲಿ ರೂಲ್ ಇಲ್ಲದ ಒಂದು ಪುಸ್ತಕ ಕೊಡ್ಸಿ, ಅದನ್ನ ಯಾರೂ ತೆಗೆದು ನೋಡಬಾರದು.

ಪ್ರಶ್ನೆ: ನಮ್ಮದು ಆಗುಂಬೆ ಕಡೆ. ಮಳೆಗಾಲದಲ್ಲಿ ನಾನು ಬಿಡಿಸಿದ ಚಿತ್ರಕ್ಕೆಲ್ಲಾ ಬೂಷ್ಟು ಬರತ್ತೆ.

ಉತ್ತರ: ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳೋ ಊರು, ಕಾಗದ ತೇವ ಹೀರದೇ ಇರತ್ತಾ! ಪ್ಲಾಸ್ಟಿಕ್ ಕವರ್‌ಗೆ ಹಾಗೇ ಹಾಕಿ ಇಡ್ಬೇಡಿ, ಒಳಗಿರೋ ತೇವಾನೇ ಸಾಕು ಬೂಷ್ಟಿಗೆ. ಮೇ ತಿಂಗಳಲ್ಲೇ ಎಲ್ಲಾ ಬಿಸಿಲಿಗೆ ಹಾಕಿ, ಬಿಸಿ ಆರಿದ್ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ, ಚಪ್ಪಲಿ ಬಾಕ್ಸಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಜೊತೆಗಿಟ್ಟು ಗಟ್ಟಿ ಮುಚ್ಚಳ ಹಾಕಿ. ಡಬ್ಬಿ ಗೋಡೆಗೆ ತಾಗಿಸ್ಬೇಡಿ, ಒಲೆ ಮನೆ ಅಟ್ಟ ಇದ್ರೆ ಅಲ್ಲೇ ಇಡಿ.