ಮೂರು ಮಳೆಮಾಪಕಗಳ ಸರಾಸರಿ ಏಕೆ ಸಾಲದು?

ಪಯಸ್ವಿನಿ ಹೊಳೆಯ ಜಲಾನಯನ ಪ್ರದೇಶದಲ್ಲಿ, ಅಂದರೆ ಮಳೆನೀರು ಹರಿದು ಆ ಹೊಳೆಯನ್ನು ಸೇರುವ ನೆಲದಲ್ಲಿ, ಮೂರು ಮಳೆಮಾಪಕಗಳಿದ್ದರೆ, ಇಡೀ ಪ್ರದೇಶದ ಸರಾಸರಿ ಮಳೆ ತಿಳಿಯಲು ಮೂರರ ಅಳತೆಯನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಕಾಸರಗೋಡಿನ ಕಡಲತಡಿಯಲ್ಲಿ ಬಿಸಿಲಿರುವಾಗಲೇ ಸುಳ್ಯದ ಕಡೆ ಅಡಿಕೆ ತೋಟದ ಕಣಿಗಳು ಕೆಂಪು ನೀರಿನಿಂದ ತುಂಬಿ ಹರಿಯುವುದುಂಟು.

ಅಮೆರಿಕದ ಹವಾಮಾನ ತಜ್ಞ ಆಲ್ಫ್ರೆಡ್ ಥೀಸನ್ 1911ರಲ್ಲಿ ಕೊಟ್ಟ ಉಪಾಯ ನನಗೆ ಬಹಳ ಇಷ್ಟ. ನಕ್ಷೆಯಲ್ಲಿ ಅಕ್ಕಪಕ್ಕದ ಮಾಪಕಗಳನ್ನು ಗೆರೆಯಿಂದ ಜೋಡಿಸಿ, ಪ್ರತಿ ಗೆರೆಗೂ ಲಂಬಾರ್ಧಕ (ಗೆರೆಯ ನಟ್ಟನಡುವೆ ಅದಕ್ಕೆ ಲಂಬವಾಗಿ ಹಾಯುವ ಗೆರೆ) ಎಳೆಯಿರಿ. ಪ್ರತಿ ಮಾಪಕದ ಸುತ್ತ ಒಂದು ಬಹುಭುಜ ಮೂಡುತ್ತದೆ; ಅದರೊಳಗಿನ ಯಾವ ಜಾಗಕ್ಕೂ ಆ ಮಾಪಕವೇ ಅತಿ ಹತ್ತಿರ. ಆಯಾ ಮಾಪಕದ ಮಳೆಯನ್ನು ಇಡೀ ಜಲಾನಯನದಲ್ಲಿ ಆ ಬಹುಭುಜದ ವಿಸ್ತೀರ್ಣದ ಪಾಲಿನಿಂದ ಗುಣಿಸಿ ಕೂಡಿಸಿ.

ಲೆಕ್ಕಕ್ಕೆಂದು ಕರಾವಳಿಯ ಮಾಪಕದಲ್ಲಿ 60 ಮಿ.ಮೀ., ನಡುವಿನದರಲ್ಲಿ 100, ಘಟ್ಟದ ಬದಿಯದರಲ್ಲಿ 150 ಎನ್ನೋಣ. ಪಾಲು ಕ್ರಮವಾಗಿ ಶೇ. 20, 30, 50. ಉತ್ತರ 12+30+75, ಅಂದರೆ 117 ಮಿ.ಮೀ. ಬರಿಯ ಸರಾಸರಿಯಾದರೆ ಸುಮಾರು 103. ಹೊಳೆಯ ನೆರೆಯನ್ನು ಅಂದಾಜಿಸುವವರಿಗೆ ಈ 14 ಮಿ.ಮೀ. ಸಣ್ಣದಲ್ಲ.

ಎರಡು ಎಚ್ಚರಿಕೆ. ಜಲಾನಯನದ ಹೊರಗಡಿಯನ್ನು ಗುಡ್ಡಗಳ ನೆತ್ತಿ ನಿರ್ಧರಿಸುತ್ತದೆ, ಬಹುಭುಜವಲ್ಲ. ಗಡಿಯಾಚೆ ಚಾಚಿದ ಭಾಗವನ್ನು ಕತ್ತರಿಸಿಬಿಡಿ. ಇನ್ನು, ಈ ವಿಧಾನಕ್ಕೆ ದೂರ ಮಾತ್ರ ಗೊತ್ತು, ಎತ್ತರ ಗೊತ್ತಿಲ್ಲ. ಘಟ್ಟದ ಏರಿನಲ್ಲಿ ಸಾಕಷ್ಟು ಮಾಪಕಗಳಿದ್ದರೆ ಸಮಮಳೆ ರೇಖೆಗಳನ್ನು, ಅಂದರೆ ಒಂದೇ ಪ್ರಮಾಣದ ಮಳೆ ಬಿದ್ದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ಎಳೆಯುವುದೇ ಮೇಲು.